ಕೆಂದಿಯ ಮೊದಲನೇ ಸೂಲು

ಸಕಲ ಜನರಿಗೂ ತಿಳಿಯಪಡಿಸುವುದೇನೆಂದರೆ: ಮದರಾಸು ರಾಜ್ಯ, ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು, ಕರೂರು ಗ್ರಾಮದ ಕೂಲಿ ಹುಲುಗಪ್ಪನ ಗುಡಿಸಲಿನ ಮುಂದೆ ಕಟ್ಟಿದ್ದ ಕೆಂದಿ ಎಂಬ ಮಣಕವು, ಸಾವಿರದ ಒಂಬೈನೂರ ಐವತ್ತನೇ ಇಸವಿಯ ಮುಂಗಾರಿನಲ್ಲಿ, ಒಂದು ಬುಧವಾರ ಬೆಳಿಗ್ಗೆ, ಮೂರು ಸಲ ಕೂಗಿ, ಬಾಲ ಎತ್ತಿ, ಮುಂದೆ ಹಾಕಿದ್ದ ಸೊಪ್ಪೆಯನ್ನು ಮೂಸಿಯೂ ನೋಡದೆ, ಬೆದೆಗೆ ಬಂದಿತು.

ಈ ವಾರ್ತೆಗೆ ಗೆಜೆಟಿನಲ್ಲಿ ಜಾಗ ಸಿಗಲಿಲ್ಲ. ದೇಶ ಗಣರಾಜ್ಯವಾಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಆ ಗದ್ದಲದಲ್ಲಿ ಒಂದು ಮಣಕದ ಕೂಗು ಕೇಳಿಸಿಕೊಳ್ಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಹುಲುಗಪ್ಪನ ಹೆಂಡತಿ ಯಂಕಮ್ಮ ಮಾತ್ರ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕೆಂದಿಯ ಬೆನ್ನು ಸವರಿದಳು. ಮೂರು ವರ್ಷದಿಂದ ಆಕೆ ಕಾಯುತ್ತಿದ್ದದ್ದು ಆ ಕೂಗಿಗೇ.

ಯಾಕೆ ಎಂದು ತಿಳಿಯಲು ಒಮ್ಮೆ ಕುರುಗೋಡಿಗೆ ಹೋಗಿಬರಬೇಕು.

ಕುರುಗೋಡಿನ ಚನ್ನವೀರಮ್ಮನಿಗೆ ಗಂಡ ಬಿಟ್ಟುಹೋದ ಹೊಲ ಎರಡು ಊರುಗಳಲ್ಲಿತ್ತು. ಕರೂರಿನ ಹೊಲದಲ್ಲಿ ದುಡಿಯುತ್ತಿದ್ದವರು ಹುಲುಗಪ್ಪ ಮತ್ತು ಯಂಕಮ್ಮ. ಸ್ವಾತಂತ್ರ್ಯ ಬಂದ ವರ್ಷ ಚನ್ನವೀರಮ್ಮನ ಹಟ್ಟಿಯಲ್ಲಿ ಒಂದು ಆಕಳು ಸತ್ತು, ಅದರ ಹೆಣ್ಣು ಕರು ಉಳಿಯಿತು. ಉಳಿಯಿತು ಎಂಬುದು ದೊಡ್ಡ ಮಾತು. ದೂರದಿಂದಲೇ ಪಕ್ಕೆಲುಬು ಎಣಿಸಬಹುದಿತ್ತು. ಸಾಯುವ ಕರುವಿಗೆ ಮೇವು ದಂಡ ಎಂದು ಆಕೆ ಅದನ್ನು ಯಂಕಮ್ಮನಿಗೆ ಪಾಲಿಗೆ ಕೊಟ್ಟಳು. ಪಾಲಿಗೆ ಕೊಡುವುದೆಂದರೆ ದನ ಒಡೆಯರದು, ಮೇವು ಮತ್ತು ಮೈಮುರಿತ ಸಾಕುವವರದು. ದನ ಫಲ ಕೊಟ್ಟಾಗ ಇಬ್ಬರಿಗೂ ಇಷ್ಟಿಷ್ಟು. ಹಳಗನ್ನಡದಲ್ಲಿ ಹಾಲಿಗೆ ಪಾಲು ಎನ್ನುತ್ತಿದ್ದರಂತೆ. ಪಾಲು ಹಾಲಾಗಲು ಭಾಷೆಗೆ ಸಾವಿರ ವರ್ಷ ಹಿಡಿಯಿತು. ಯಂಕಮ್ಮನಿಗೆ ಮಣಕ ಗಬ್ಬ ನಿಂತರೆ ಸಾಕಾಗಿತ್ತು.

ಕರಾರು ಆದದ್ದು ಚನ್ನವೀರಮ್ಮನ ಮನೆಯ ಹೊಸಿಲಿನಲ್ಲಿ. ಆಕೆ ಒಳಗೆ, ಯಂಕಮ್ಮ ಅಂಗಳದಲ್ಲಿ, ನಡುವೆ ಕರು. ಹೊಸಿಲು ದಾಟುವ ಹಕ್ಕು ಮೂವರಲ್ಲಿ ಇಬ್ಬರಿಗಿತ್ತು; ಮೂರನೆಯವಳು ಯಂಕಮ್ಮ.

"ಕೇಳು ಯಂಕಿ," ಎಂದಿದ್ದಳು ಚನ್ನವೀರಮ್ಮ. "ಆಕಳ ನಂದು. ಮೊದಲನೇ ಸೂಲಿನ ಕರು ನಿಂದು, ಹೆಣ್ಣಾಗಲಿ ಗಂಡಾಗಲಿ. ಆ ಸೂಲಿನ ಹಾಲೂ ನಿಂದ. ಎರಡನೇ ಸೂಲಿನಿಂದ ಮುಂದಕ ಎಲ್ಲಾ ನಂದು."

ಸೂಲಿಗೂ ಸೋಲಿಗೂ ಇರುವ ವ್ಯತ್ಯಾಸ ಒಂದು ಕೊಂಬಿನದು. ದನದ ವ್ಯವಹಾರದಲ್ಲಿ ಕೊಂಬು ಯಾವಾಗಲೂ ಕೊಟ್ಟವರ ಕಡೆಗೇ ಇರುತ್ತದೆ. ಯಂಕಮ್ಮನಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಈ ವ್ಯತ್ಯಾಸ ಕಾಣಲಿಲ್ಲ. ಅವಳಿಗೆ ಕಂಡದ್ದು ಇಷ್ಟೇ: ತನ್ನದು ಎನ್ನುವ ಒಂದು ಕರು. ಅವಳ ಕೇರಿಗೆ ಊರ ದನ ಬರುತ್ತಿದ್ದುದು ಬಹುಮಟ್ಟಿಗೆ ಸತ್ತ ಮೇಲೆ, ನಾಲ್ಕು ಜನ ಎಳೆದುಕೊಂಡು. ಅವಳ ತವರಲ್ಲಾಗಲಿ ಹುಲುಗಪ್ಪನ ಮನೆಯಲ್ಲಾಗಲಿ ಮೂರು ತಲೆಮಾರಿನಲ್ಲಿ ಯಾರೂ ಒಂದು ನಾಲ್ಕು ಕಾಲಿನದಕ್ಕೆ ಒಡೆಯರಾಗಿರಲಿಲ್ಲ. ಅವಳ ಗುಡಿಸಲಿಗೆ ತನ್ನ ಕಾಲಿನಲ್ಲೇ ನಡೆದುಬಂದ ಮೊದಲನೆಯದು ಕೆಂದಿ.

ಅದನ್ನು ಸಾಕಿದ ಪರಿ ಊರಿಗೇ ಗೊತ್ತು. ನಲವತ್ತೆಂಟರಲ್ಲಿ ಹೊಳೆಯಾಚೆಯಿಂದ ರಜಾಕಾರರು ಬಂದರಂತೆ ಎಂದು ಒಂದು ಸಂಜೆ ಸುದ್ದಿ ಹಬ್ಬಿದಾಗ ಜನ ತಾಮ್ರದ ಕೊಡ, ಹಾಸಿಗೆ, ಅಜ್ಜಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ಓಡಿದರು. ಯಂಕಮ್ಮ ಕೆಂದಿಯ ಹಗ್ಗ ಹಿಡಿದು ಓಡಿದಳು. ಹುಲುಗಪ್ಪ ಹಿಂದೆ ಉಳಿದಿದ್ದ. ಅದು ಅವಳಿಗೆ ಊರ ಹೊರಗಿನ ಬೇಲಿ ದಾಟಿದ ಮೇಲೆ ನೆನಪಾಯಿತು ಎಂದು ಅವನು ಎಷ್ಟೋ ದಿನ ಹೇಳಿಕೊಂಡು ತಿರುಗಿದ.

ಅಂತೂ ಆ ಬುಧವಾರ ಕೆಂದಿಯನ್ನು ಊರ ಬಸವನ ಹತ್ತಿರ ಹೊಡೆದುಕೊಂಡು ಹೋದರು. ದೇವರಿಗೆ ಬಿಟ್ಟ ಹೋರಿ. ಯಾರ ಹೊಲದಲ್ಲಿ ಮೇದರೂ ಯಾರೂ ಕೋಲು ಎತ್ತುವಂತಿರಲಿಲ್ಲ. ಕರೂರಿನ ಅಷ್ಟೂ ಹಟ್ಟಿಗಳಿಗೆ ಅದೊಂದೇ ಅಳಿಯ. ಕೆಂದಿ ಗಬ್ಬ ನಿಂತಳು.

ಏಳನೇ ತಿಂಗಳಲ್ಲಿ ಕಂದು ಹಾಕಿದಳು.

ಬೆಳಿಗ್ಗೆ ಸಗಣಿ ಬಳಿಯಲು ಬಂದ ಯಂಕಮ್ಮನಿಗೆ ಕಂಡದ್ದು ಗೂಟದ ಹತ್ತಿರ ಒದ್ದೆ ನೆಲದ ಮೇಲೆ ಬಿದ್ದಿದ್ದ, ಮೂತಿಯ ಮೇಲೂ ಕಣ್ಣಿನ ಸುತ್ತಲೂ ಬಿಟ್ಟರೆ ಇನ್ನೂ ಕೂದಲು ಮೂಡದ ಒಂದು ಕರು. ಕೆಂದಿ ಅದನ್ನು ನೆಕ್ಕುತ್ತಿದ್ದಳು. ಹೆಣ್ಣು. ಹುಲುಗಪ್ಪ ಅದನ್ನು ಹಿತ್ತಲಲ್ಲಿ ಹೂಳಿ ಬಂದು, ಕೈ ತೊಳೆದುಕೊಂಡು, ಯಾರಾದರೂ ದೃಷ್ಟಿ ಹಾಕಿರಬೇಕೆಂದ. 

ಕರುವಿನ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ. ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಪಕ್ಕದ ಗುಡಿಸಲಿನ ಮುದುಕಿ ಬಂದು ಜೋತುಬಿದ್ದಿದ್ದ ಮಾಸಿನ ತುದಿಗೆ ಒಂದು ಹಳೆಯ ಕೆರ ಕಟ್ಟಿದಳು. ಭಾರಕ್ಕೆ ಜಗ್ಗಿಕೊಂಡು ಬರುತ್ತದೆಂಬ ಲೆಕ್ಕ. ಕೆಂದಿ ಮೂರು ದಿನ ಬಾಲದ ಕೆಳಗೆ ಕೆರ ತೂಗಿಸಿಕೊಂಡು ನಿಂತಳು. ಗಬ್ಬ ಹೋಗಿ ಗಬ್ಬು ಉಳಿಯಿತು. ಕೇರಿಯ ಜನ ಆ ದಾರಿಯಲ್ಲಿ ಓಡಾಡುವುದನ್ನು ಬಿಟ್ಟರು. ನಾಲ್ಕನೇ ದಿನ ಕೆಂದಿ ಮೇವು ಬಿಟ್ಟಾಗ ಯಂಕಮ್ಮ ಮೊಣಕೈಯವರೆಗೆ ಹರಳೆಣ್ಣೆ ಸವರಿಕೊಂಡು, ಹಲ್ಲು ಕಚ್ಚಿ, ಒಳಗೆ ಕೈ ಹಾಕಿ ಬಿಡಿಸಿ ಬಿಡಿಸಿ ತೆಗೆದಳು. ಅವಳ ಬೆರಳಲ್ಲಿ ಕುಡುಗೋಲಿನ ಗಾಯ ಇನ್ನೂ ಹಸಿಯಾಗಿತ್ತು. ಹದಿನೈದು ದಿನದ ನಂತರ ಸಂಜೆ ಸಂಜೆ ಜ್ವರ ಬರತೊಡಗಿತು, ಬೆಳಿಗ್ಗೆ ಬಿಡುತ್ತಿತ್ತು. ಬೆಳಿಗ್ಗೆ ಬಿಡುವ ಜ್ವರಕ್ಕೆ ಕೂಲಿಯವರು ಜ್ವರ ಎನ್ನುವುದಿಲ್ಲ.

ತೆಗೆದ ಮಾಸನ್ನು ಅವಳು ಎಲ್ಲರೂ ಮಾಡುವ ಹಾಗೆಯೇ ಮಾಡಿದಳು. ಭತ್ತದ ಹುಲ್ಲಿನಲ್ಲಿ ಸುತ್ತಿ, ಹುರಿ ಬಿಗಿದು, ಕೆರೆಯ ಪಕ್ಕದ ಆಲದ ಮರಕ್ಕೆ ತೂಗುಹಾಕಿದಳು. ಆಲದ ಮರ ಹಾಲಿನ ಮರ. ಅದಕ್ಕೆ ಮಾಸು ಕಟ್ಟಿದರೆ ಮರದ ಹಾಲು ಆಕಳ ಕೆಚ್ಚಲಿಗೆ ಇಳಿಯುತ್ತದೆಂದು ಕರೂರಿನವರು ಅಜ್ಜನ ಕಾಲದಿಂದ ಕಟ್ಟುತ್ತ ಬಂದಿದ್ದರು. ಮರದ ಕೆಳಗೆ ದಟ್ಟ ನೆರಳು. ಮೇದು ಬಂದ ಊರ ದನವೆಲ್ಲ ನೀರು ಕುಡಿದು ಮಧ್ಯಾಹ್ನ ಮಲಗುತ್ತಿದ್ದುದು ಅಲ್ಲೇ. ಆ ವರ್ಷ ಮರದಲ್ಲಿ ಹುಲ್ಲಿನ ಗಂಟುಗಳು ಎಂದಿಗಿಂತ ಹೆಚ್ಚಾಗಿದ್ದವು. ಹಾಲಿಗೆ ಒಳ್ಳೆಯ ವರ್ಷ ಎಂದುಕೊಂಡರು.

ಇತ್ತ ಸುದ್ದಿ ಕುರುಗೋಡಿಗೆ ಮುಟ್ಟಿತು. ಆಕಳನ್ನು ವಾಪಸು ಹೊಡೆದುಕೊಂಡು ಬರಬೇಕೇ ಎಂದು ಹುಲುಗಪ್ಪ ಹೋಗಿ ಕೇಳಿದ. ಕಂದು ಹಾಕಿದ ದನ ತನ್ನ ಹಟ್ಟಿಗೆ ಬೇಡ, ಮಿಕ್ಕವಕ್ಕೂ ತಗುಲೀತು, ಅಲ್ಲೇ ಇರಲಿ, ಇನ್ನೊಮ್ಮೆ ಗಬ್ಬ ನಿಲ್ಲಲಿ, ಆಮೇಲೆ ನೋಡೋಣ ಎಂದು ಚನ್ನವೀರಮ್ಮ ಹೇಳಿ ಕಳಿಸಿದಳು. ಆಮೇಲೆ ನೋಡೋಣ ಎಂಬ ಮಾತನ್ನು ಯಂಕಮ್ಮ, ಕರಾರು ಮೊದಲಿನ ಹಾಗೇ ಇದೆ ಎಂದು ಅರ್ಥ ಮಾಡಿಕೊಂಡಳು. ಹುಲುಗಪ್ಪನೂ ಹಾಗೇ ತಿಳಿದ. ಸತ್ತದ್ದನ್ನು ಕೊಟ್ಟೆ ಎಂದು ಯಾರಾದರೂ ಹೇಳುತ್ತಾರೆಯೇ?

ಕೇರಿಯ ದನ ಕಂದು ಹಾಕುತ್ತಿದ್ದಷ್ಟು ದಿನ ಅದು ಕರ್ಮವಾಗಿತ್ತು. ಯುಗಾದಿಯ ಹೊತ್ತಿಗೆ ಊರ ಹಿರಿಯ ವಿರೂಪಾಕ್ಷಪ್ಪನವರ ಸ್ವಂತ ಹಟ್ಟಿಯಲ್ಲಿ ಮೂರು ಆಕಳು ಹಾಕಿದವು. ಆಗ ಅದು ರೋಗವಾಯಿತು. ಸಿರುಗುಪ್ಪಕ್ಕೆ ಆಳು ಹೋಯಿತು. ದನದ ಡಾಕ್ಟರು ಸೈಕಲ್ ತುಳಿದುಕೊಂಡು ಬಂದರು. ಗುಂಟೂರಿನ ಕಡೆಯವರು, ಕನ್ನಡವನ್ನು ತೆಲುಗಿನ ಮೇಲೆ ಕೂರಿಸಿ ಮಾತಾಡುವವರು. ಆಲದ ಮರದ ಕೆಳಗೆ ನಿಂತು ವಿಚಾರಣೆ ಶುರು ಮಾಡಿದರು. ಅವರ ಟೋಪಿಯ ಮೇಲೆ ಏನೋ ತೊಟ್ಟಿಕ್ಕಿತು. ತಲೆ ಎತ್ತಿ ನೋಡಿದರು. ಎಷ್ಟು ಹೊತ್ತು ನೋಡುತ್ತ ನಿಂತರೆಂದರೆ, ಹಿಂದೆ ನಿಂತವರೂ ಮರದಲ್ಲಿ ಕೋತಿ ಇರಬೇಕೆಂದು ತಲೆ ಎತ್ತಿದರು.

ಇದು ಗಾಳಿಯಲ್ಲ, ದೃಷ್ಟಿಯಲ್ಲ, ಅಂಟುರೋಗ ಎಂದು ಅವರು ತಿಳಿಸಿ ಹೇಳಿದರು. ಕಂದು ಹಾಕಿದ ದನದ ಮಾಸಿನಲ್ಲಿ ರೋಗ ಇರುತ್ತದೆ. ಅದು ಹುಲ್ಲಿನ ಮೇಲೆ, ನೀರಿನಲ್ಲಿ ಬೀಳುತ್ತದೆ, ಗಬ್ಬದ ಆಕಳು ಅದನ್ನು ನೆಕ್ಕುತ್ತದೆ, ಅದೂ ಹಾಕುತ್ತದೆ, ಅದರ ಮಾಸನ್ನೂ ನೀವು ಇಲ್ಲಿಗೇ ತಂದು ಕಟ್ಟುತ್ತೀರಿ. ಬಸವನ ರಕ್ತವನ್ನು ಒಂದು ಗಾಜಿನ ಕೊಳವೆಯಲ್ಲಿ ತೆಗೆದು ಬಳ್ಳಾರಿಗೆ ಕಳಿಸಿದರು. ಹೋರಿಗೂ ರೋಗ ಇದೆ ಎಂದು ಬಳ್ಳಾರಿಯಿಂದ ಕಾಗದ ಬಂತು. ಡಾಕ್ಟರು ಮತ್ತೆ ಬಂದು ಮೂರು ಮಾತು ಹೇಳಿದರು: ಮಾಸನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ಗಬ್ಬದ ದನವನ್ನು ಈ ಮರಕ್ಕೂ ಕೆರೆಗೂ ಬಿಡಬೇಡಿ, ಹೋರಿಯನ್ನು ಕಟ್ಟಿಹಾಕಿ.

ಕರೂರಿನವರು ಮರ್ಯಾದಸ್ಥರು, ಓದಿದವರ ಮಾತು ತೆಗೆದುಹಾಕುವವರಲ್ಲ. ಸುಣ್ಣ ತರಿಸಿ ಮರದ ಕಟ್ಟೆಗೆ ಬಳಿದರು. ಮಾಸನ್ನು ದನಕ್ಕೆ ಎಟುಕದ ಹಾಗೆ ಇನ್ನೂ ಎತ್ತರದ ಕೊಂಬೆಗೆ ಕಟ್ಟಿದರು. ಹೋರಿಗೆ ಗಂಟೆ ಕಟ್ಟಿದರು.

ಯಂಕಮ್ಮ ಮಾತ್ರ ಡಾಕ್ಟರ ಮಾತನ್ನು ಮಾತಿನ ಹಾಗೇ ಕೇಳಿಸಿಕೊಂಡಿದ್ದಳು. ಅವರು ಸೈಕಲ್ ಏರುವ ಮೊದಲು ದೂರದಲ್ಲಿ ನಿಂತು, ಒಂದು ಸಲ ಹಾಕಿದ್ದು ಮತ್ತೂ ಹಾಕುತ್ತದೆಯೇ ಎಂದು ಕೇಳಿದಳು. ಎಷ್ಟೋ ದನ ಒಂದು ಸಲ ಹಾಕಿ ಮುಂದಿನ ಸಲ ನಿಲ್ಲಿಸಿಕೊಳ್ಳುತ್ತವೆ, ಆದರೆ ಈ ಹೋರಿಯ ಹತ್ತಿರ ಬಿಡಬೇಡ, ಬೇರೆ ಕಟ್ಟು, ಬೇರೆ ನೀರು ಕುಡಿಸು ಎಂದರು. ಸಿರುಗುಪ್ಪದಲ್ಲಿ ರೈತರ ಒಂದು ಸಂಘದವರು ಸಾಕಿದ ಒಂಗೋಲು ಹೋರಿ ಇದೆ, ಅದು ಶುದ್ಧ ಎಂದೂ ಹೇಳಿದರು. ಆಮೇಲೆ ಅವಳ ಬೆರಳು ನೋಡಿ, ಜ್ವರ ಬರುತ್ತದೆಯೇ, ಕೀಲು ನೋಯುತ್ತವೆಯೇ ಎಂದು ಕೇಳಿದರು. ಬಳ್ಳಾರಿಯ ಮನುಷ್ಯರ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು. ಬಳ್ಳಾರಿಗೆ ಹೋಗಿಬರಲು ಎರಡು ದಿನ ಬೇಕು. ಎರಡು ದಿನ ಕೆಂದಿಗೆ ನೀರು ಕುಡಿಸುವವರು ಯಾರು? ಚೀಟಿ ಗುಡಿಸಲಿನ ಸೂರಿನಲ್ಲಿ ಹುಲ್ಲಿನ ನಡುವೆ ಸೇರಿತು.

ಅಷ್ಟರಲ್ಲಿ ಕೆಂದಿ ಎರಡು ಸಲ ಬೆದೆಗೆ ಬಂದಿದ್ದಳು. ಹತ್ತಿರ ಎಂದು ಹುಲುಗಪ್ಪ ಎರಡು ಸಲವೂ ಬಸವನ ಬಳಿಗೇ ಹೊಡೆದಿದ್ದ. ಎರಡು ಸಲವೂ ನಿಲ್ಲಲಿಲ್ಲ. ಮೂರನೇ ಸಲ ಮಳೆಗಾಲದ ಒಂದು ಸಂಜೆ ಕೆಂದಿ ಕೂಗಿದಾಗ, ಯಂಕಮ್ಮ ಮರುದಿನ ನಸುಕಿಗೇ ಎದ್ದು, ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಸಿರುಗುಪ್ಪದ ದಾರಿ ಹಿಡಿದಳು. ಬೆದೆ ಇಳಿಯುವುದರೊಳಗೆ ಮುಟ್ಟಬೇಕು. ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಭಾರವಾಗುತ್ತಿತ್ತು. ಕೆಂದಿ ಎಲ್ಲಿಯಾದರೂ ನಿಂತರೆ ಅವಳ ಎದೆ ನಿಲ್ಲುತ್ತಿತ್ತು. ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು.

ಹೋರಿ ಇದ್ದದ್ದು ಒಂದು ತಗಡಿನ ಶೆಡ್ಡಿನಲ್ಲಿ. ಹೋರಿಗಿಂತ ಹೋರಿಯ ಕಾವಲಿಗಿದ್ದ ಎರ್ರಣ್ಣನ ಠೀವಿ ದೊಡ್ಡದು. ಅವನ ಕೈಯಲ್ಲಿ ದಪ್ಪನೆಯ ಒಂದು ರಿಜಿಸ್ಟರು ಇತ್ತು. ಅವನು ಕೆಂದಿಯ ಸುತ್ತ ಒಂದು ಸುತ್ತು ಬಂದು, ಗೋಡೆಯ ಹಲಗೆಯ ಕಡೆ ಕೈ ತೋರಿಸಿದ. ಒಮ್ಮೆಯೂ ಈಯದ ಮಣಕಗಳಿಗೆ ಈ ಹೋರಿಯನ್ನು ಬಿಡುವುದಿಲ್ಲ. ಹೋರಿಯ ಭಾರಕ್ಕೆ ಎಳೆಯ ಮಣಕದ ಸೊಂಟ ಮುರಿದೀತು. ಸಂಘದ ಕಾಯಿದೆ.

"ಇದು ಈದೈತೇನಬೇ?"

"ಕಂದು ಹಾಕೈತಣ್ಣ. ಏಳು ತಿಂಗಳಿಗೆ."

"ಈದಿದ್ದು ಬ್ಯಾರೆ, ಹಾಕಿದ್ದು ಬ್ಯಾರೆ. ನಾ ಏನಂತ ಬರೀಲಿ?"

ಯಂಕಮ್ಮ ಕೆಂದಿಯ ಬಾಲದ ಕಡೆ ನೋಡಿದಳು. ಬೆಳಗಿನಷ್ಟು ಬಿರುಸು ಉಳಿದಿರಲಿಲ್ಲ. ಇನ್ನೊಂದು ತಾಸು ಹೋದರೆ ಮತ್ತೆ ಇಪ್ಪತ್ತೊಂದು ದಿನ. ಮಳೆಯಲ್ಲಿ ತಾನು ಬಂದ ದಾರಿಯನ್ನು ಹೇಳಿದಳು, ಜ್ವರದ ಸುದ್ದಿ ಹೇಳಿದಳು, ಡಾಕ್ಟರೇ ಕಳಿಸಿದರೆಂದಳು. ಎರ್ರಣ್ಣ ಕೆಟ್ಟವನಲ್ಲ. ಅವನ ಮನೆಯಲ್ಲಿಯೂ ಒಂದು ಎಮ್ಮೆ ನಿಲ್ಲದೆ ನಿಲ್ಲದೆ ಕೊನೆಗೆ ಕಟುಕರ ಪಾಲಾಗಿತ್ತು. ಕಾಯಿದೆಯನ್ನು ಮುರಿಯದೆ ಬಗ್ಗಿಸುವ ಜಾಗ ಎಲ್ಲಿದೆ ಎಂದು ಅವನು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ ಯೋಚಿಸಿದ.

"ಏಳು ತಿಂಗಳು ಹೊತ್ತಾಳ. ಮಾಸೂ ಬಿದ್ದೈತಿ. ಅದು ಒಂದು ಸೂಲು ಅಂತ ನೀ ಹೇಳಿದಿ ಅಂದ್ರ ನಾ ಬರಕೊಂತೀನಿ. ಹೇಳತೀ ಏನು?"

"ಹೇಳತೀನಣ್ಣ. ಅದು ಸೂಲ."

"ಹಂಗಾರ ಹೆಬ್ಬಟ್ಟು ಒತ್ತು."

ರಿಜಿಸ್ಟರಿನಲ್ಲಿ ದನದ ಮಾಲೀಕರ ಹೆಸರು (ಯಂಕಮ್ಮ ಹೇಳಿದ್ದು ಚನ್ನವೀರಮ್ಮನದನ್ನೇ), ಊರು, ಬಣ್ಣ, ಎಷ್ಟನೇ ಸೂಲಿಗೆ ಎಂಬ ಮನೆಗಳನ್ನು ಎರ್ರಣ್ಣ ಮುತ್ತಿನಂಥ ಅಕ್ಷರದಲ್ಲಿ ತುಂಬಿದ. ಯಂಕಮ್ಮ ಒತ್ತಿದಳು. ಹೋರಿ ಬಿಟ್ಟರು. ಸಂಜೆ ವಾಪಸು ನಡೆಯುವಾಗ ಕೆಂದಿ ತಣ್ಣಗಾಗಿದ್ದಳು, ಯಂಕಮ್ಮನ ಮೈ ಸುಡುತ್ತಿತ್ತು.

ಇಪ್ಪತ್ತೊಂದು ದಿನ ಕಳೆಯಿತು, ಕೂಗು ಬರಲಿಲ್ಲ. ನಲವತ್ತೆರಡು ದಿನ ಕಳೆಯಿತು, ಬರಲಿಲ್ಲ. ಅಲ್ಲಿಂದ ಯಂಕಮ್ಮನ ಮಹಾಯೋಜನೆ ಶುರುವಾಯಿತು. ಆ ವರ್ಷವೇ ದಿಲ್ಲಿಯಲ್ಲಿ ಐದು ವರ್ಷದ ಯೋಜನೆಯೊಂದು ಹೊರಟಿತ್ತು. ಇವಳದು ಒಂಬತ್ತು ತಿಂಗಳದ್ದು. ಕೆಂದಿಯನ್ನು ಗುಡಿಸಲಿನ ಹಿಂದೆ ಜಾಲಿ ಮುಳ್ಳಿನ ಬೇಲಿ ಹಾಕಿ ಬೇರೆಯಾಗಿ ಕಟ್ಟಿದಳು. ಊರ ದನದ ಜೊತೆ ಮೇಯಲು ಬಿಡಲಿಲ್ಲ. ಹೊಲದ ಬದುವಿನ ಹುಲ್ಲನ್ನು ತಾನೇ ಕೊಯ್ದು, ಹೊತ್ತು ತಂದು ಹಾಕಿದಳು. ಕೆರೆಯ ನೀರು ಮುಟ್ಟಿಸಲಿಲ್ಲ. ಕೂಲಿಯಿಂದ ಬಂದ ಮೇಲೆ ಹಳ್ಳಕ್ಕೆ ಹೋಗಿ, ಉಸುಕಿನಲ್ಲಿ ವರತೆ ತೋಡಿ, ಬಟ್ಟಲಿನಿಂದ ಕೊಡಕ್ಕೆ ತುಂಬಿ ಹೊತ್ತು ತರುತ್ತಿದ್ದಳು. ಗಬ್ಬದ ಆಕಳು ಎಷ್ಟು ಕೊಡ ಕುಡಿಯುತ್ತದೆಂಬುದು ಹೊತ್ತವರಿಗೇ ಗೊತ್ತು. ಜ್ವರ ಬಂದ ಸಂಜೆ ಒಂದು ಕೊಡಕ್ಕೆ ಎರಡು ಸಲ ಕೂರುತ್ತಿದ್ದಳು. ಆಕಳಿಗೆ ಇಷ್ಟು ಮಡಿ ಇದ್ದರೆ ನಾಳೆ ಅದು ನಮ್ಮ ಕೈಯ ರೊಟ್ಟಿಯನ್ನೂ ತಿನ್ನಲಿಕ್ಕಿಲ್ಲ ಎಂದು ಹುಲುಗಪ್ಪ ಹಂಗಿಸಿದ. ಹಂಗಿಸಿದವನೇ ಎರಡು ಕೊಡ ತಾನೂ ಹೊತ್ತ.

ಚುನಾವಣೆ ಬಂತು. ಊರ ಗೋಡೆಗಳ ಮೇಲೆಲ್ಲ ಜೋಡೆತ್ತು ಮೂಡಿದವು. ಕೊಟ್ಟಿಗೆಗಳಲ್ಲಿ ಒಂಟಿ ಕರುವೂ ಇರಲಿಲ್ಲ. ಏಳನೇ ತಿಂಗಳು ಅದೇ ದಿನಗಳಲ್ಲಿ ಬಿತ್ತು. ಆ ಮೂವತ್ತು ದಿನ ಯಂಕಮ್ಮ ಬೇಲಿಯೊಳಗೇ ಗೋಣಿ ಹಾಸಿಕೊಂಡಳು. ಎಂಟು ಬಂತು. ಒಂಬತ್ತು ಬಂತು. ಕೆಚ್ಚಲು ಇಳಿಯಿತು.

ಕುರುಗೋಡಿನ ಕಡೆ ಅಷ್ಟರಲ್ಲಿ ಬೇರೆಯೇ ಕಥೆ. ಬೇಸಿಗೆಯಲ್ಲಿ ಮೇವಿಗೆಂದು ಕರೂರಿನ ಹೊಲಕ್ಕೆ ಹೊಡೆಸಿದ್ದ ಚನ್ನವೀರಮ್ಮನ ದನಗಳು ಮಧ್ಯಾಹ್ನ ಆಲದ ನೆರಳಿನಲ್ಲೇ ಮಲಗಿದ್ದವು. ಆಮೇಲೆ ಒಂದರ ಹಿಂದೆ ಒಂದು, ಏಳು ಆಕಳೂ ಕಂದು ಹಾಕಿದವು. ಆಕೆಯ ತಮ್ಮ, ಮನೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಮರಿಬಸಪ್ಪ, ಮಾಡದ ಮದ್ದಿಲ್ಲ. ಕೊನೆಗೆ ಅವನೂ ಡಾಕ್ಟರ ಸಲಹೆಯಂತೆ ಸಿರುಗುಪ್ಪದ ಶೆಡ್ಡಿಗೆ ಬಂದ. ಎರ್ರಣ್ಣನಿಗೆ ಕುರುಗೋಡಿನ ದೊಡ್ಡ ಮನೆಯವರು ಬಂದ ಸಂಭ್ರಮ. ನಿಮ್ಮ ಆಕಳು ಹೋದ ವರ್ಷವೇ ನಮ್ಮಲ್ಲಿಗೆ ಬಂದು ಹೋಗಿದೆ, ನಿಂತಿದೆಯಂತೆ, ನೋಡಿ ಎಂದು ರಿಜಿಸ್ಟರು ತೆಗೆದು ತೋರಿಸಿದ. ಮರಿಬಸಪ್ಪ ಅಕ್ಷರ ಬಲ್ಲವನು. ಪ್ರತಿಯೊಂದು ಮನೆಯನ್ನೂ ಓದಿದ. ಒಂದು ಮನೆಯನ್ನು ಎರಡು ಸಲ ಓದಿದ.

ಐವತ್ತೆರಡರ ಚೈತ್ರದಲ್ಲಿ ಕೆಂದಿ ಈದಳು. ಹೆಣ್ಣು ಕರು, ಕೆಂಪು ಮೈ, ಹಣೆಯ ಮೇಲೆ ಅಂಗೈಯಷ್ಟು ಬಿಳುಪು. ಒದ್ದೆ ಕಾಲುಗಳನ್ನು ನಾಲ್ಕು ದಿಕ್ಕಿಗೆ ಚಾಚಿ, ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೆ ನಿಂತಿತು. ಯಂಕಮ್ಮ ಅದು ನಿಲ್ಲುವವರೆಗೆ ಉಸಿರು ಬಿಡಲಿಲ್ಲ. ಮಾಸು ತಾನಾಗಿಯೇ ಬಿತ್ತು. ಸೊಂಟದಷ್ಟು ಗುಂಡಿ ತೋಡಿ ಸುಣ್ಣ ಹಾಕಿ ಹೂತಳು. ಕೇರಿಗೆ ಕೇರಿಯೇ ಬಂದು ನೋಡಿತು. ಗಿಣ್ಣ ಕಾಯಿಸಿ ಮನೆಗೊಂದು ಚೂರು ಹಂಚಿದಳು. ಕರುವಿನ ಕೊರಳಿಗೆ ಕರಿದಾರ ಕಟ್ಟಿ, ಏನೆಂದು ಕರೆಯುವುದೆಂದು ಗಂಡ ಹೆಂಡತಿ ಮೂರು ದಿನ ಜಗಳಾಡಿದರು. ಹೆಸರು ಇಡಲು ಹಕ್ಕಿರುವವರ ಜಗಳ ಅದು. ಅವರು ಜೀವಮಾನದಲ್ಲಿ ಮಾಡಿದ ಅತಿ ಸುಖದ ಜಗಳ.

ಹದಿನೈದು ದಿನಕ್ಕೆ ಕುರುಗೋಡಿನ ಗಾಡಿ ಬಂತು. ಚನ್ನವೀರಮ್ಮನೇ ಬಂದಿದ್ದಳು, ಜೊತೆಗೆ ಮರಿಬಸಪ್ಪ. ವಿರೂಪಾಕ್ಷಪ್ಪನವರನ್ನು ಕಟ್ಟೆಗೆ ಕರೆಸಿದರು. ಅವರು ಮೇಲೆ ಕೂತರು, ಯಂಕಮ್ಮ ಕೆಳಗೆ ನಿಂತಳು, ಹುಲುಗಪ್ಪ ಅವಳ ಹಿಂದೆ ನಿಂತ. ಮರಿಬಸಪ್ಪ ವಿಷಯ ಹೇಳಿದ. ಕರಾರಿನಂತೆ ಮೊದಲನೇ ಸೂಲು ಸಾಕಿದವರದು, ಎರಡನೇ ಸೂಲು ಒಡೆಯರದು. ಸಿರುಗುಪ್ಪದ ರಿಜಿಸ್ಟರಿನಲ್ಲಿ ಇದು ಎರಡನೇ ಸೂಲು ಎಂದಿದೆ. ಬರೆಸಿದವಳು ಯಂಕಮ್ಮನೇ. ಒಡೆಯರಿಗೆ ಬರಬೇಕಾದದ್ದು ಬಂದಿದೆ. ಆಕಳನ್ನೂ ಕರುವನ್ನೂ ಕರೆದುಕೊಂಡು ಹೋಗಲು ಬಂದಿದ್ದೇವೆ.

ಯಂಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹೋರಿ ಬಿಡಲಿ ಎಂದು ಹಾಗೆ ಬರೆಸಿದ್ದು, ಅದು ಹೊಟ್ಟೆಯಲ್ಲೇ ಸತ್ತ ಪಿಂಡ, ಕರು ಎಂದು ಅದನ್ನು ತಾನು ಯಾವತ್ತೂ ಕೈಯಲ್ಲಿ ಹಿಡಿಯಲಿಲ್ಲ, ಒಂದು ತೊಟ್ಟು ಹಾಲು ಕರೆಯಲಿಲ್ಲ ಎಂದಳು. ಮಾಸು ಆಲದ ಮರಕ್ಕೆ ಕಟ್ಟಿದ್ದೆಯಲ್ಲ, ಸೂಲಲ್ಲದ್ದಕ್ಕೆ ಯಾರು ಕಟ್ಟುತ್ತಾರೆ ಎಂದು ಮರಿಬಸಪ್ಪ ಕೇಳಿದ. ಯಂಕಮ್ಮ ಚನ್ನವೀರಮ್ಮನ ಕಡೆ ತಿರುಗಿದಳು.

ಚನ್ನವೀರಮ್ಮ ಅವಳ ಮುಖ ನೋಡಲಿಲ್ಲ. "ಏಳು ಆಕಳ ಯಂಕಿ. ಏಳೂ ಹಾಕಿದವು. ನನ್ನ ಹಟ್ಟಿಯಾಗ ಕರು ಕೂಗಿ ವರ್ಷಾತು," ಎಂದಳು. ಅದರಲ್ಲಿ ಸುಳ್ಳು ಇರಲಿಲ್ಲ.

"ಅವ್ವಾರ," ಎಂದಳು ಯಂಕಮ್ಮ, "ಹೋದ ವರ್ಷ ಜನ ಎಣಸಾಕ ಬಂದಿದ್ರು. ಮಕ್ಕಳೆಷ್ಟು ಅಂದ್ರು. ನನ್ನ ಹೊಟ್ಟಿಲೆ ಎರಡು ಹೋಗ್ಯಾವ, ಒಂದು ಆರಕ್ಕ, ಒಂದು ಏಳಕ್ಕ. ಹೇಳಿದೆ. ಅವು ಲೆಕ್ಕಕ್ಕ ಬರಂಗಿಲ್ಲಬೇ ಅಂತ ಸೊನ್ನಿ ಬರಕೊಂಡು ಹೋದ್ರು. ನನ್ನವು ಲೆಕ್ಕಕ್ಕ ಬರಲಿಲ್ಲ. ಈ ದನದ್ದು ಹೆಂಗ ಬರತೈತ್ರಿ?"

ವಿರೂಪಾಕ್ಷಪ್ಪನವರು ಮೀಸೆಯ ತುದಿ ಹಿಡಿದು ಯೋಚಿಸಿದರು. ಕೆಂದಿಯನ್ನು ನೋಡಿ ಅವರೂ ಕೇರಿಯಲ್ಲಿ ನಾಲ್ಕು ಮಣಕಗಳನ್ನು ಪಾಲಿಗೆ ಬಿಟ್ಟಿದ್ದರು. ನಾಲ್ಕೂ ಮೊದಲನೇ ಗಬ್ಬ ಹಾಕಿದ್ದವು. ಹಾಕಿದ್ದು ಸೂಲಲ್ಲ ಎಂದು ಇವತ್ತು ಈ ಕಟ್ಟೆಯಿಂದ ಮಾತು ಹೊರಟರೆ, ನಾಳೆ ಮುಂದಿನ ನಾಲ್ಕು ಕರುಗಳು ಯಾರವು ಎಂಬುದನ್ನು ಅವರು ಯೋಚಿಸಿದರೆಂದು ಹೇಳುವುದು ನ್ಯಾಯಪೀಠಕ್ಕೆ ಅಗೌರವ.

"ಜನದ ಲೆಕ್ಕ ಬ್ಯಾರೆ, ದನದ ಲೆಕ್ಕ ಬ್ಯಾರೆ," ಎಂದರು ಅವರು. "ಒಂದ ಮಾತು ಹೇಳು ಯಂಕಮ್ಮ. ಅದು ಸೂಲು ಅಂತ ನೀನ ಬಾಯಿಬಿಟ್ಟು ಹೇಳಿದ್ದು ಹೌದೋ ಅಲ್ಲೋ? ಹೆಬ್ಬಟ್ಟು ನಿಂದೋ ಅಲ್ಲೋ?"

ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ನಂದ್ರಿ," ಎಂದಳು.

ಅಲ್ಲಿಗೆ ಮುಗಿಯಿತು. ತೀರ್ಪು ಸರಳವಾಗಿತ್ತು, ಎಲ್ಲರಿಗೂ ತಿಳಿಯುವಂತಿತ್ತು. ಮೊದಲನೇ ಸೂಲಿನ ಕರು ಯಂಕಮ್ಮನದು, ಅದರಲ್ಲಿ ಎರಡು ಮಾತಿಲ್ಲ, ಅದನ್ನು ಅವಳಿಂದ ಯಾರೂ ಕಸಿಯುವಂತಿಲ್ಲ ಎಂದು ವಿರೂಪಾಕ್ಷಪ್ಪನವರು ಊರ ಸಮಕ್ಷಮ ಸಾರಿದರು. ಅದು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಮರಿಬಸಪ್ಪ ಕೆಂದಿಯ ಹಗ್ಗವನ್ನು ಗಾಡಿಯ ಹಿಂದೆ ಕಟ್ಟಿದ. ಕರುವನ್ನು ಎತ್ತಿ ಗಾಡಿಯಲ್ಲಿ ಹಾಕಬೇಕೇ ಎಂದು ಗಾಡಿ ಹೊಡೆಯುವವನು ಕೇಳಿದ. ಬೇಡ, ಹಾಲು ಕುಡಿಯುವ ಕರು, ತಾನೇ ಬರುತ್ತದೆ ಎಂದ ಮರಿಬಸಪ್ಪ. ಗಾಡಿ ಹೊರಟಿತು. ಕರು ಒಂದು ಸಲ ಗುಡಿಸಲಿನ ಕಡೆ, ಒಂದು ಸಲ ಗಾಡಿಯ ಕಡೆ ನೋಡಿ, ತಾಯಿಯ ಕೆಚ್ಚಲಿನ ಹಿಂದೆ ಓಡಿತು.